ಫೋನಿನಲ್ಲಿ ನಾನು ಜರೀನಾ ಎಂದೆ

ಚಾಚಾ, ಅವತ್ತು ಫೋನಿನಲ್ಲಿ "ನಮ್ಮ ಅಬ್ಬಾ ಒಪ್ಪುತ್ತಿಲ್ಲ, ನಾನು ಬರುವುದಿಲ್ಲ" ಎಂದವಳು ನಿಮ್ಮ ಮಗಳಲ್ಲ. ನಾನು. ನೀವು ಯಾರನ್ನೂ ತಡೆದಿರಲಿಲ್ಲ. ನೀವು ಬದುಕಿದ್ದಾಗಲೇ ಹೇಳಬೇಕಿದ್ದ ಈ ಮಾತನ್ನು, ನೀವು ಮಣ್ಣಿಗೆ ಹೋಗಿ ಇಷ್ಟು ಕಾಲವಾದ ಮೇಲೆ ಹೇಳುತ್ತಿದ್ದೇನೆ.

ತೊಂಬತ್ತರ ದಶಕದ ಕೊನೆಯ ವರ್ಷಗಳವು. ನಿಮ್ಮ ಜರೀನಾ ಮತ್ತು ನಾನು ಶಹಾಬಾದಿನಿಂದ ದಿನವೂ ರೈಲಿನಲ್ಲಿ ಗುಲ್ಬರ್ಗಾಕ್ಕೆ ಎಂಬಿಎ ಓದಲು ಹೋಗುತ್ತಿದ್ದೆವು. ನೀವು ಕಲ್ಲು ಪಾಲಿಶ್ ಮಾಡುವ ಯಾರ್ಡಿನವರು, ನನ್ನ ಅಪ್ಪ ಹೈಸ್ಕೂಲು ಮಾಸ್ತರು, ನಡುವೆ ಒಂದೇ ಓಣಿ. ಆ ವರ್ಷ ನಮ್ಮ ವಿಭಾಗದಿಂದ ಒಬ್ಬರು ಫಿನ್‌ಲ್ಯಾಂಡಿನ ಒಂದು ವ್ಯಾಪಾರ ಕಾಲೇಜಿಗೆ ಹೋಗಿ ಚಳಿಗಾಲವಿಡೀ ಓದಿ ಬರಬಹುದು ಎಂದಾಯಿತು. ಸಂದರ್ಶನದಲ್ಲಿ ಜರೀನಾ ಮೊದಲು ಬಂದಳು, ನಾನು ಎರಡನೆಯವಳು. ನಮ್ಮೂರಿನ ಹಾಸುಗಲ್ಲನ್ನು ದಲಾಲರಿಲ್ಲದೆ ಪರದೇಶಕ್ಕೆ ಮಾರುವುದು ಹೇಗೆಂದು ಕಲಿತು ಬರುತ್ತೇನೆ ಎಂದು ಅವಳು ಹೇಳಿದಾಗ ಮೇಷ್ಟರುಗಳು ಮುಖ ಮುಖ ನೋಡಿಕೊಂಡಿದ್ದರು. ನನ್ನ ಬಳಿ ಹೇಳಲು ಅಂಥದ್ದೇನೂ ಇರಲಿಲ್ಲ.

ನಿಮ್ಮ ಮನೆಯಲ್ಲಿ ಫೋನಿರಲಿಲ್ಲ. ಅವಳು ಅರ್ಜಿಯಲ್ಲಿ ನಮ್ಮ ನಂಬರು ಕೊಟ್ಟಿದ್ದಳು. ಒಂದು ಭಾನುವಾರ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ ಇದ್ದಾಗ ಫೋನು ರಿಂಗಾಯಿತು. ದೂರದಿಂದ, ನೀರಿನಡಿಯಿಂದ ಬಂದಂತೆ, ಒಬ್ಬ ಮುದುಕಿಯ ದನಿ — "ಜರೀನಾನಾ?"

ಹೌದು ಎಂದೆ. ಯಾಕೆ ಹಾಗೆಂದೆ? ಆ ಕ್ಷಣಕ್ಕೆ — ಹಾಗೆ ಕರೆಸಿಕೊಂಡರೆ ಹೇಗಿರುತ್ತದೆಂದು ನೋಡಲು, ಅಷ್ಟೇ. ಅಷ್ಟೇ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಆಕೆ ನಿವೃತ್ತ ಇಂಗ್ಲಿಷ್ ಶಿಕ್ಷಕಿ. ಜರೀನಾ ಉಳಿಯಬೇಕಿದ್ದುದು ಆಕೆಯ ಮನೆಯಲ್ಲಿ. ಕೋಣೆಗೆ ಹೊಸ ಪರದೆ ಹಾಕಿದ್ದೇನೆ, ಕಿಟಕಿಯಿಂದ ಕೆರೆ ಕಾಣುತ್ತದೆ, ನಿನಗೆ ಯಾವ ಅಡುಗೆ ಆಗುವುದಿಲ್ಲ ಹೇಳು ಎಂದಳು. ಅಷ್ಟು ಪ್ರೀತಿಯಿಂದ ಕೇಳುತ್ತಿದ್ದವಳಿಗೆ ನಾನು ಆ ಮಾತು ಹೇಳಿದೆ. ನಮ್ಮ ಅಬ್ಬಾ ಒಪ್ಪುತ್ತಿಲ್ಲ.

ಆ ಸುಳ್ಳನ್ನು ಎಲ್ಲರೂ ಎಷ್ಟು ಸುಲಭವಾಗಿ ನಂಬಿದರು, ಚಾಚಾ. ಆಕೆ ಕಾಲೇಜಿಗೆ ಹೇಳಿದಳು, ಕಾಲೇಜು ನಮ್ಮ ವಿಭಾಗಕ್ಕೆ ತಿಳಿಸಿತು, ಮುಖ್ಯಸ್ಥರು "ಗೊತ್ತಿದ್ದದ್ದೇ" ಎಂದು, ಜರೀನಾಗೆ ತಿಳಿಯುವ ಮೊದಲೇ ಎರಡನೆಯವಳಾದ ನನ್ನ ಹೆಸರು ಕಳಿಸಿದರು. ಸಾಬರ ಹುಡುಗಿ, ಅಪ್ಪ ಕಳಿಸಲಿಲ್ಲ — ಮುಂದೆ ಕೇಳುವುದೇನಿದೆ? ನಿಮ್ಮನ್ನು ಒಬ್ಬರೂ ಕೇಳಲಿಲ್ಲ. ಕೇಳುವುದಿಲ್ಲವೆಂದು ನನಗೆ ಗೊತ್ತಿತ್ತು.

ಜರೀನಾ ನನ್ನನ್ನು ಸ್ಟೇಶನ್ನಿನಲ್ಲಿ ತಡೆದು ಕೇಳಿದಳು, "ಖರೇ ಹೇಳು. ನಮ್ಮ ಅಬ್ಬಾ ನಿಮ್ಮ ಮನೀಗಿ ಬಂದು ಫೋನ್ ಮಾಡ್ಸ್ಯಾರೇನು?"

ನಾನು ತಲೆ ತಗ್ಗಿಸಿದೆ. ಬಾಯಿ ಬಿಡಲಿಲ್ಲ. ಫೋನಿನ ಮಾತಿಗಿಂತ ದೊಡ್ಡ ತಪ್ಪು ಇದು ಎಂದು ಈಗ ಅನಿಸುತ್ತದೆ.

ನಾನು ಹೊರಡುವ ಹಿಂದಿನ ದಿನ ನೀವು ಬಂದಿರಿ. ಅವಳಿಗೆಂದು ದರ್ಜಿ ಹತ್ತಿರ ಹೊಲಿಸಿದ್ದ ಉಣ್ಣೆಯ ಕೋಟು ಕೈಯಲ್ಲಿತ್ತು. "ಅಲ್ಲಿ ಥಂಡಿ ಭಾಳ ಇರ್ತದಂತ, ರಮಾ ಬೇಟಿ. ಅಕಿ ಅಂತೂ ಹೋಗ್ಲಿಲ್ಲ, ನೀನರೇ ಹಾಕ್ಕೊ." ನಾನು ತೆಗೆದುಕೊಂಡೆ.

ಆ ಕೋಟು ತೊಟ್ಟೇ ಫಿನ್‌ಲ್ಯಾಂಡಿನಲ್ಲಿ ಆ ಶಿಕ್ಷಕಿ ಅಜ್ಜಿಯ ಬಾಗಿಲಲ್ಲಿ ನಿಂತೆ. ಆಕೆಗೆ ಕಣ್ಣು ಪೂರಾ ಮಂದವಾಗಿತ್ತು. "ನಾನು ರಮಾ" ಎಂದೆ. ಆಕೆ ತಲೆ ಓರೆ ಮಾಡಿ ನನ್ನ ದನಿ ಆಲಿಸಿದಳು. ನನ್ನ ಕೈ ಹಿಡಿದು, "ಬಂದೆಯಲ್ಲ, ಜರೀನಾ" ಎಂದಳು. ತಿದ್ದಿದೆ. ಮಕ್ಕಳ ಸುಳ್ಳಿಗೆ ನಗುವಂತೆ ನಕ್ಕಳು.

ಆ ಊರಿನಲ್ಲಿ ಚಳಿಗಾಲದ ಮಧ್ಯಾಹ್ನವೇ ಕತ್ತಲು. ಒಂದು ದಿನ ಕಾಲೇಜಿನಿಂದ ಬಂದು ಬಾಗಿಲು ತೆರೆದರೆ ಅಜ್ಜಿ ಅಡುಗೆಮನೆಯಿಂದ ಕೂಗಿದಳು — "ಈಗಷ್ಟೇ ಮೇಲೆ ಹೋದೆಯಲ್ಲ? ಮತ್ತೆ ಹೊರಗಿನಿಂದ ಹೇಗೆ ಬಂದೆ?"

ಹಿಂತಿರುಗಿ ನೋಡಿದೆ. ಅಂಗಳದ ಹಿಮದಲ್ಲಿ ನನ್ನ ಹೆಜ್ಜೆಗಳು ಮಾತ್ರ. ಮೇಲೆ ಹೋದೆ. ಯಾರೂ ಇರಲಿಲ್ಲ. ಕುರ್ಚಿ ಕಿಟಕಿಗೆ ಮುಖ ಮಾಡಿತ್ತು, ಯಾರೋ ಕೆರೆ ನೋಡುತ್ತ ಕೂತಿದ್ದು ಎದ್ದು ಹೋದಂತೆ. ನಾನೇ ಹಾಗೆ ಬಿಟ್ಟು ಹೋಗಿದ್ದೆನೇನೋ. ಮುದುಕಿಯ ಮರೆವು ಎಂದುಕೊಂಡೆ.

ಆಮೇಲೆ ಅದು ಆಗಾಗ ನಡೆಯಿತು. ನಾನು ಬರುವ ಹೊತ್ತಿಗೆ ಆಕೆ ಯಾರೊಡನೆಯೋ ಮಾತಾಡುತ್ತಿರುತ್ತಿದ್ದಳು. ನಾನು ಒಳಗೆ ಬಂದ ಕೂಡಲೇ ನಿಲ್ಲಿಸುತ್ತಿದ್ದಳು. ಒಮ್ಮೆ ಊಟಕ್ಕೆ ಕೂತಾಗ, "ಮಧ್ಯಾಹ್ನ ಕಲ್ಲಿನ ವಿಷಯ ಎಷ್ಟು ಚೆಂದ ಹೇಳಿದೆ. ಗಣಿಯಲ್ಲಿ ಹಾಸುಗಲ್ಲಿನ ಪದರ ಏಳುವ ಮುಂಚೆ ಕಲ್ಲು ಒಮ್ಮೆ ಕೆಮ್ಮುತ್ತದೆ ಅಂತ ನಿನ್ನ ಅಪ್ಪ ಹೇಳುತ್ತಿದ್ದರಲ್ಲ?" ಎಂದಳು.

ಅದು ನಿಮ್ಮ ಮಾತು, ಚಾಚಾ. ನಾವು ಚಿಕ್ಕವರಿದ್ದಾಗ ಗಣಿಯ ಅಂಚಿನಲ್ಲಿ ಕೂರಿಸಿ ನಮ್ಮಿಬ್ಬರಿಗೆ ಹೇಳಿದ್ದು. ಆ ದೇಶದಲ್ಲಿ ನಾನದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿರಲಿಲ್ಲವೆಂದೇ ಇವತ್ತಿಗೂ ನಂಬಿದ್ದೇನೆ. ಆ ಮಧ್ಯಾಹ್ನವಿಡೀ ನಾನು ತರಗತಿಯಲ್ಲಿದ್ದೆ — ಜರೀನಾ ಮಾತಾಡಬೇಕಿದ್ದ ವಿಷಯವನ್ನೇ, ಶಹಾಬಾದಿನ ಕಲ್ಲಿನ ವ್ಯಾಪಾರವನ್ನೇ, ನನ್ನದೆಂಬಂತೆ ಮಾತಾಡುತ್ತ.

ಚಳಿಗಾಲ ಮುಗಿಯುವ ಹೊತ್ತಿಗೆ ನಾನು ತಿದ್ದುವುದನ್ನು ಬಿಟ್ಟಿದ್ದೆ. "ಜರೀನಾ" ಎಂದು ಕೆಳಗಿನಿಂದ ಕೂಗಿದರೆ "ಬಂದೆ" ಎನ್ನುತ್ತಿದ್ದೆ. ಒಂದೊಂದು ಸಲ, ನಾನು ಬಾಯಿ ತೆರೆಯುವ ಮೊದಲೇ ಆ "ಬಂದೆ" ಕೇಳಿಸಿಬಿಡುತ್ತಿತ್ತು. ಯಾರು ಅಂದರೋ — ಗೊತ್ತಿಲ್ಲ. ಹೊರಡುವ ದಿನ ಅಜ್ಜಿ ನನ್ನ ಮುಖ ತಡವಿ ಕೇಳಿದಳು, "ಕೊನೆಗೂ ನಿನ್ನ ಅಪ್ಪ ಒಪ್ಪಿದರಲ್ಲವೆ?"

"ಒಪ್ಪಿದರು" ಎಂದೆ. ಜರೀನಾ ಆಗಿ ನಾನಾಡಿದ ನಿಜ ಅದೊಂದೇ.

ಊರಿಗೆ ಬಂದೆ. ಆ ಪರದೇಶದ ಓದಿನಿಂದಲೇ ನನಗೆ ಸೇಡಂ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಜರೀನಾ ಎಂಬಿಎ ಮುಗಿಸಿ ನಿಮ್ಮ ಯಾರ್ಡಿನಲ್ಲಿ ಕೂತಳು. ನಿಮ್ಮ ಪಕ್ಕದಲ್ಲೇ, ನಿಮ್ಮೊಡನೆ ಮಾತಿಲ್ಲದೆ. "ಖುದಾ ಕಸಮ್, ನಾ ಏನೂ ಅಂದಿಲ್ಲ" ಎಂದು ನೀವು ಆಣೆ ಮಾಡಿದ್ದು ಓಣಿಗೆಲ್ಲ ಕೇಳಿತ್ತು. ಕಲ್ಲಿನ ಧೂಳು ಎದೆಗಿಳಿದು ನೀವು ಹಾಸಿಗೆ ಹಿಡಿದಾಗ ನೋಡಲು ಬಂದಿದ್ದೆ. ಅವಳು ನಿಮಗೆ ಗಂಜಿ ಕುಡಿಸುತ್ತಿದ್ದಳು, ಗೋಡೆ ನೋಡುತ್ತ. ನೀವು ನನ್ನತ್ತ ನೋಡಿ ನಕ್ಕಿರಿ. ಆಗಲೂ ಹೇಳಲಿಲ್ಲ.

ಕಳೆದ ವಾರ ನಿಮ್ಮ ಮನೆಗೆ ಹೋದೆ. ಜರೀನಾ ಯಾರ್ಡಿನಿಂದ ಬಂದು ಕೈ ತೊಳೆಯುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ. ಬೈಯಲಿ ಎಂದು ಕಾದೆ. ಆ ದೇಶದ ಬಗ್ಗೆ, ಆ ಮನೆಯ ಬಗ್ಗೆ ಅವಳು ಒಂದು ಮಾತೂ ಕೇಳಲಿಲ್ಲ.

"ಹಂಗಾದ್ರ ಅಬ್ಬಾ ಖರೇನೇ ಹೇಳಿದ್ರು?"

"ಹೂಂ."

"ಕಡೀ ದಿನಾನೂ ಅದೇ ಅಂದ್ರು ಅವರು. ನಾ ಮಾರಿ ತಿರುವಿದೆ." ನಲ್ಲಿ ಹಾಗೇ ಸುರಿಯುತ್ತಿತ್ತು. ಅದನ್ನು ನಿಲ್ಲಿಸಿ, ನನ್ನತ್ತ ನೋಡದೆ ಹೇಳಿದಳು, "ಒಳಗ ಅಮ್ಮಿ ಅದಾರ. ಅಬ್ಬಾ ಸುಳ್ಳು ಹೇಳ್ಯಾರಂತ ಅವರೂ ತಿಳ್ಕೊಂಡಾರ. ನೀನೇ ಹೋಗಿ ಹೇಳು. ನಾ ಬರಂಗಿಲ್ಲ."

ಚಾಚಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. "ಬಾ ಬೇಟಿ, ಕುಂದ್ರು" ಎಂದು ಚಾಪೆಯ ಮೇಲೆ ಜಾಗ ಮಾಡಿದರು.

ನಾನು ಕೂರಲಿಲ್ಲ, ಚಾಚಾ. ನಿಂತುಕೊಂಡೇ ಹೇಳಿದೆ.