ಶಿವಪ್ಪನ ಮರೂನ್ ಬೆರೆಟ್

ಐವತ್ತರ ದಶಕದ ನಡುವಿನಲ್ಲಿ ನಾನು ಕುರ್ಲಾ ಸ್ಟೇಷನ್ ಎದುರಿನ ಲಾಂಡ್ರಿಯೊಂದರ ಮ್ಯಾನೇಜರ್ ಆಗಿದ್ದೆ. ನಮ್ಮ ಹೆಸರು ನಿಂತಿದ್ದೇ ಗಾಂಧಿ ಟೋಪಿಯ ಮೇಲೆ. ಇಸ್ತ್ರಿಯ ತುಕಾರಾಮ ಗಂಜಿ ಹಾಕಿ ಒತ್ತಿದನೆಂದರೆ ಟೋಪಿಯ ಅಂಚು ಬೆರಳು ಕುಯ್ಯಬೇಕು, ಹಾಗೆ!

ಒಂದು ಬೆಳಿಗ್ಗೆ ಧಾರವಾಡ ಕಡೆಯ ಸಿಪಾಯಿ ಬಸವರಾಜ ಕೆಸರು ಮೆತ್ತಿದ ಮರೂನ್ ಬೆರೆಟ್ ತಂದ. ಈ ಮೆತ್ತನೆ ಉಣ್ಣೆ ಟೋಪಿಯನ್ನು ಮೊದಲು ಬ್ರಿಟಿಷ್ ಸೈನ್ಯದ ಟ್ಯಾಂಕಿನವರು ಕಪ್ಪು ಬಣ್ಣದಲ್ಲಿ ಹಾಕುತ್ತಿದ್ದರಂತೆ. ಒಳಗಿನ ಇಕ್ಕಟ್ಟಿನಲ್ಲಿ ಅಗಲ ಅಂಚಿನ ಟೋಪಿ ತಾಗುತ್ತದಲ್ಲ. ಮಹಾಯುದ್ಧದಲ್ಲಿ ಪ್ಯಾರಾಶೂಟಿನಿಂದ ಹಾರುವ ಬ್ರಿಟಿಷ್ ಸೈನಿಕರಿಗೆ ಮರೂನ್ ಬಂತು. ಸ್ವಾತಂತ್ರ್ಯದ ಮೇಲೂ ನಮ್ಮ ಹಾರುವ ಪಡೆಯವರು ಆ ಬಣ್ಣ ಬಿಡಲಿಲ್ಲ. ಇದನ್ನೆಲ್ಲ ಹೇಳಿದವನು ಅವನೇ. ಆದರೆ ಬೆರೆಟ್ ಅವನದಲ್ಲ, ತರಬೇತಿಯಲ್ಲಿ ಹಾರುವಾಗ ಸತ್ತ ಗೆಳೆಯ ಶಿವಪ್ಪನದು. ಸಂಜೆ ಅದನ್ನು ಘಾಟ್ಕೋಪರ್‌ನಲ್ಲಿ ನೆಲೆಸಿದ್ದ ಅವನ ತಂದೆತಾಯಿಗೆ ಒಪ್ಪಿಸಬೇಕಿತ್ತು.

"ತುಕಾರಾಮ, ಸತ್ತ ಸಿಪಾಯಿಯದು, ಜಾಗ್ರತೆ ಮಾರಾಯ," ಎಂದೆ. ಅವನಿಗೆ ಗೊತ್ತಿದ್ದ ಮರ್ಯಾದೆ ಒಂದೇ. ಪುಢಾರಿಗಳ ಟೋಪಿಗೆ ಮಾಡುವಂತೆ ಎರಡೆರಡು ಸಲ ಗಂಜಿಯಲ್ಲಿ ಅದ್ದಿ, ಹಪ್ಪಳದಂತೆ ಒತ್ತಿಟ್ಟ.

ಸಂಜೆ ಅದನ್ನು ಕಂಡು ಬಸವರಾಜ ಬೆಂಚಿನ ಮೇಲೆ ಕುಸಿದ. "ಇದರಾಗ ಶಿವ್ಯಾನ ತಲಿ ಇತ್ರೀ," ಎಂದ. ಹೊಸ ಬೆರೆಟನ್ನು ಬಿಸಿನೀರಲ್ಲಿ ನೆನೆಸಿ, ಒದ್ದೆಯಾಗಿಯೇ ಹಾಕಿಕೊಂಡು ತಲೆಯ ಮೇಲೆ ಒಣಗಿಸುವುದು ಅವರ ಪದ್ಧತಿ. ಆಮೇಲೆ ಅದು ಆ ತಲೆಯ ಆಕಾರ ಬಿಡುವುದಿಲ್ಲ. ಅಯ್ಯೋ ದೇವರೇ, ನಾವು ಬಿಡಿಸಿದ್ದೆವು! ತುಕಾರಾಮ ತಲೆ ಬಗ್ಗಿಸಿ, "ಸಾಹೇಬ್, ಮಾಝಂ ಡೋಕಂ ಘ್ಯಾ," ಎಂದ. ತನ್ನ ತಲೆಯ ಮೇಲೇ ಒಣಗಿಸಲಿ ಎಂದು. ಬಸವರಾಜ ಒಪ್ಪಲಿಲ್ಲ.

ತಪ್ಪೊಪ್ಪಿಕೊಳ್ಳಲು ಮೂವರೂ ಲೋಕಲ್ ರೈಲು ಹತ್ತಿದೆವು. ಚಾಳೆಂಬ ವಠಾರದ ಕೋಣೆಯಲ್ಲಿ ನಡೆದದ್ದನ್ನು ಹೇಳಿದಾಗ ಶಿವಪ್ಪನ ತಂದೆ ಬೆರೆಟನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಕೊನೆಗೆ ಅವರು ತಮ್ಮ ಕರಿ ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕಿದರು.

"ಫೌಜಿಗೆ ಭರ್ತಿ ಆಗಾಕ ಹೋಗೂ ದಿನ ನನ್ನ ಈ ಟೊಪ್ಪಿಗಿ ಕದ್ದು ಹಾಕ್ಕೊಂಡು ಹೋಗಿದ್ದ, ಮಗ. ಅಳತಿ ತಗೊಂಡು ಹೊಲಿಸಿದಂಗ ಕುಂತಿತ್ತು. ನಂದೂ ಅವಂದೂ ಒಂದ ಅಳತಿ ತಲಿ. ಏನ, ಒಂದೀಟು ನೀರು ಕಾಸು," ಎಂದು ಹೆಂಡತಿಗೆ ಹೇಳಿದರು.

ತುಕಾರಾಮ ಗಂಜಿ ಹೋಗುವವರೆಗೂ ತೊಳೆದ. ಬಸವರಾಜ ಒದ್ದೆ ಬೆರೆಟನ್ನು ತಂದೆಯ ತಲೆಗಿಟ್ಟ. ಅವರು ಗೋಡೆಗೆ ಒರಗದೆ ನೆಟ್ಟಗೆ ಕೂತರು. ತಾಯಿ ಒಲೆಯ ಬಳಿಯಿಂದ ಎದ್ದು ಬಂದು ಅದನ್ನು ಬಲಗಿವಿಯತ್ತ ಒಂದಿಷ್ಟು ಎಳೆದರು. "ಹಿಂಗ ಹಾಕ್ಕೋತಿದ್ದ," ಎಂದರು.

ಪೂರ್ತಿ ಒಣಗುವ ತನಕ ಯಾರೂ ಏಳಲಿಲ್ಲ. ಬಳಿಕ ಬಸವರಾಜ ಅದರೊಳಗೆ ಎರಡೂ ಕೈ ಇಟ್ಟು ನೋಡಿ, "ಶಿವ್ಯಾಂದ ಐತ್ರಿ," ಎಂದು ಮೊದಲ ಸಲ ಅತ್ತ.

ಕೊಳೆ ತೆಗೆಯುವುದಷ್ಟೇ ನಮ್ಮ ಕಸುಬು ಎಂದುಕೊಂಡಿದ್ದೆ. ಆ ದಿನದ ನಂತರ ತುಕಾರಾಮ ಯಾವ ಟೋಪಿಯನ್ನೂ ಒಳಗೆ ಕೈಯಿಟ್ಟು ನೋಡದೆ ನೀರಿಗೆ ಹಾಕಲಿಲ್ಲ. ನಾನೂ ಗಿರಾಕಿಗಳನ್ನು ಏನು ಹೋಗಬೇಕು ಎಂದು ಕೇಳುವ ಮೊದಲು, ಏನು ಉಳಿಯಬೇಕು ಎಂದು ಕೇಳತೊಡಗಿದೆ.