ರುದ್ರಮ್ಮನವರ ಅಡುಗೆಮನೆ ಕಿಟಕಿ

ರುದ್ರಮ್ಮನವರ ಅಡುಗೆಮನೆ ಕಿಟಕಿ ಮುಚ್ಚಿಸಿದ ವಾಸ್ತುಶಾಸ್ತ್ರ ಯಾವ ಪುಸ್ತಕದಲ್ಲೂ ಇಲ್ಲ — ಅದನ್ನು ಹುಟ್ಟಿಸಿದವನು ನಾನು.

ತಿಪಟೂರಿನ ಹಳೇ ಬೀದಿಯಲ್ಲಿ, ಎರಡು ಮನೆಗಳ ನಡುವೆ, ಒಂದು ಇಕ್ಕಟ್ಟಿನ ನಿವೇಶನ ಹಿಡಿದಿದ್ದೆ. ಕೊಬ್ಬರಿ ವ್ಯಾಪಾರದಲ್ಲಿ ಮೇಲೆ ಬಂದವನು. ಒಂದಂಗುಲ ಬಿಡುವುದೂ ನನ್ನ ಜಾಯಮಾನವಲ್ಲ. ಪಕ್ಕಕ್ಕೆ ಮೂರಡಿ ಬಿಡಿ, ಇಬ್ಬರಿಗೂ ಗಾಳಿ ಬೆಳಕು ಎಂದರು ಎಂಜಿನಿಯರು. ಮೂರಡಿ ಬಿಟ್ಟರೆ ಒಂದು ಕೋಣೆಯೇ ಹೋಯಿತಲ್ಲ — ಇದು ನನ್ನ ಲೆಕ್ಕ. ಆದರೆ ಪಕ್ಕದ ಮನೆ ರುದ್ರಮ್ಮನವರ ಕಿಟಕಿ ನನ್ನ ಗೋಡೆ ಏಳುವ ಕಡೆಗೇ ಇತ್ತು. ಜಗಳಕ್ಕೆ ಹೋದರೆ ನಗರಸಭೆ, ಅರ್ಜಿ, ಅಲೆದಾಟ... ಒಂದು ಸಂಜೆ ಅವರ ಮನೆಯಲ್ಲಿ ಕಾಫಿ ಕುಡಿಯುತ್ತ ಒಲೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟೆ.

"ಒಲೆ ಹಿಂದೆ ದಕ್ಷಿಣಕ್ಕೆ ಕಿಟಕಿ ಇದ್ರೆ ಮನೇಲಿ ಶುಭಕಾರ್ಯ ಕೂಡಿಬರಾಕಿಲ್ಲ ಕಣಕ್ಕ."

ಮಗಳಿಗೆ ಗಂಡು ಕೂಡಿಬರದೆ ಅವರು ಕಂಗಾಲಾಗಿದ್ದರು. ವಾರದೊಳಗೆ ಕಿಟಕಿ ಮುಚ್ಚಿಸಿದರು. ಅದಕ್ಕೆ ಬೇಕಾದ ಸಿಮೆಂಟು ನಾನೇ ಕೊಟ್ಟೆ — ಅದನ್ನೂ ಉಪಕಾರವೆಂದು ನೆನೆಯುತ್ತಾರೆ. ಆ ಕಿಟಕಿಗೆ ಅಂಟಿಕೊಂಡೇ ನನ್ನ ಗೋಡೆ ಎದ್ದಿತು.

ನನ್ನ ಗ್ರಹಚಾರಕ್ಕೆ ಆ ವರ್ಷವೇ ಅವರ ಮಗಳ ಮದುವೆಯಾಯಿತು. ಅಲ್ಲಿಂದ ನಾನು ವಾಸ್ತು ಬಲ್ಲವನು. ದಬ್ಬೇಘಟ್ಟದಿಂದಲೂ ಬಸ್ಸು ಹತ್ತಿ ಬಂದು ಕೇಳುತ್ತಾರೆ. ಸಲಹೆ ಕೊಡುವ ಚಟ ನನಗೆ ಮೊದಲೇ ಇತ್ತು. ಅವರಿಗೆಲ್ಲ ಪಕ್ಕಕ್ಕೆ ಮೂರಡಿ ಬಿಡಿ ಎನ್ನುತ್ತೇನೆ — ಎಂಜಿನಿಯರರ ಮಾತು, ನನ್ನ ಹೆಸರಿನಲ್ಲಿ. ನೀವೂ ಮೂರಡಿ ಬಿಡಿ; ಬಿಡದೆ ಕಟ್ಟಿದ ನನ್ನ ಮನೆಯಲ್ಲಿ ಮಧ್ಯಾಹ್ನವೂ ದೀಪ ಹಾಕಿಕೊಂಡೇ ಉಣ್ಣಬೇಕು.

ಹೋದ ತಿಂಗಳು ರುದ್ರಮ್ಮ ತಮ್ಮ ಅಡುಗೆಮನೆಯ ಕತ್ತಲಲ್ಲಿ ಕುದಿಯುವ ಸಾರು ಕೈ ಮೇಲೆ ಚೆಲ್ಲಿಕೊಂಡರು. ಪಟ್ಟಿ ಕಟ್ಟಿದ ಕೈ ಕಂಡು ನನಗೆ ಅನ್ನ ಸೇರಲಿಲ್ಲ. ನನ್ನ ಆ ಕಡೆಯ ಕೋಣೆ ಒಡೆಸಿ ಜಾಗ ಬಿಡುತ್ತೇನೆ, ನೀವು ಮುಚ್ಚಿದ ಕಿಟಕಿ ಮತ್ತೆ ತೆರೆಸಿ ಎಂದೆ. ಯಾಕೆಂದು ಮಾತ್ರ ಹೇಳಲಿಲ್ಲ — ನಿಜ ನುಂಗಿಕೊಂಡೇ ತಪ್ಪು ತೀರಿಸಿಬಿಡುವ ಆಸೆ. ಅವರು ಹೆದರಿಬಿಟ್ಟರು.

"ಬ್ಯಾಡ ಕಣಪ್ಪ. ಮಗಳು ಹೆರಿಗೆಗೆ ಬತ್ತಾವ್ಳೆ. ಕೈ ಸುಟ್ರೆ ಸುಡ್ಲಿ ಬುಡು, ಆ ಕಿಟಕಿ ತಗ್ಯಾಕಿಲ್ಲ."

ಇನ್ನು ಬಾಣಂತಿಗೂ ಅದೇ ಕತ್ತಲ ಮನೆ...

ನಾಳೆ ಬೆಳಿಗ್ಗೆ ಹೋಗುತ್ತೇನೆ. ನಾನು ಹೇಳಿದ್ದು ಸುಳ್ಳು ಅಕ್ಕ, ಎನ್ನುತ್ತೇನೆ. ಅವರು ನಂಬುವುದಿಲ್ಲ — ನನ್ನ ಮೇಲೆ ಅಷ್ಟು ನಂಬಿಕೆ ಅವರಿಗೆ. ನಂಬಿ, ನನ್ನನ್ನು ಬೈಯುವವರೆಗೂ ಅಲ್ಲೇ ಕೂತಿರುತ್ತೇನೆ.