ಕನ್ನಡಕದಂಗಡಿಯವನ ಗಿಟಾರು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕನ್ನಡಕದಂಗಡಿಯ ನಮ್ಮ ಈ ಮಹಾಶಯ ಅಷ್ಟಕ್ಕೇ ಸುಮ್ಮನಾಗುವ ಆಸಾಮಿಯಲ್ಲ. ನೆಲವನ್ನು ಸಮ ಮಾಡುವುದರಲ್ಲೇ ಅರ್ಧ ಆಯುಷ್ಯ ಕಳೆದವನು.

ಹಗಲೆಲ್ಲ ಗಿರಾಕಿಗಳ ಮೂಗಿಗೆ, ಕಿವಿಗೆ ಹೊಂದುವಂತೆ ಕನ್ನಡಕದ ಕಡ್ಡಿ ಬಗ್ಗಿಸುವನು. ಸಂಜೆ ಮನೆಗೆ ಬಂದು ಅದೇ ಪುಟ್ಟ ಸ್ಕ್ರೂಡ್ರೈವರ್ ಹಿಡಿದು ತನ್ನ ಎಲೆಕ್ಟ್ರಿಕ್ ಗಿಟಾರಿನ ಮುಂದೆ ಕೂರುವನು. ತಂತಿ ಎತ್ತರವಾಯಿತು, ಒತ್ತಲು ಕಷ್ಟ ಎಂದು ಇಳಿಸುವನು. ಇಳಿಸಿದರೆ ಗರ್ ಎನ್ನುತ್ತದೆಂದು ಮತ್ತೆ ಏರಿಸುವನು. ಗಿಟಾರಿನ ಕತ್ತು ಕೂದಲೆಳೆಯಷ್ಟು ಬಾಗಿದೆ ಎಂದು ಅದರೊಳಗಿನ ಸಲಾಕೆಯನ್ನು ತಿರುಗಿಸುವನು. ದನಿ ಹಿಡಿಯುವ ಪಿಕಪ್ಪುಗಳನ್ನು ಕಿತ್ತು ಹೊಸವನ್ನು ಹಾಕಿದ. ಹಳೆಯವೇ ವಾಸಿ ಎಂದು ಅವನ್ನೇ ಮತ್ತೆ ಬೆಸೆದ. ಗಿಟಾರು ತನ್ನ ಕೈಗೆ ಒಗ್ಗಬೇಕು ಎಂಬುದೊಂದೇ ಹಟ. ಕೈಯೂ ಗಿಟಾರಿಗೆ ಒಗ್ಗಬೇಕಲ್ಲವೇ ಎಂದು ಎಂದೂ ಕೇಳಿಕೊಂಡವನಲ್ಲ.

"ಮದುವೆಗೆ ಮುಂಚೆ ನನ್ನನ್ನೂ ಇಷ್ಟು ಪರೀಕ್ಷೆ ಮಾಡಿದ್ದಿದ್ರೆ ನಾನು ಬಚಾವಾಗ್ತಿದ್ದೆ," ಎನ್ನುತ್ತಿದ್ದಳು ಹೆಂಡತಿ.

ಹೀಗಿರಲು ಮಗಳು ಶಾಲೆಯ ವಾರ್ಷಿಕೋತ್ಸವದಲ್ಲಿ ಹಾಡಲು ಹೆಸರು ಕೊಟ್ಟು ಬಂದಳು. ವೇದಿಕೆ ಹತ್ತುವುದು ಅವಳಿಗೆ ಅದೇ ಮೊದಲು.

"ಅಪ್ಪ, ಒಬ್ಬಳೇ ನಿಲ್ಲೋಕೆ ಭಯ. ನೀನು ಪಕ್ಕದಲ್ಲಿ ನುಡಿಸ್ತೀಯಲ್ಲ?"

"ನುಡಿಸದೆ ಏನು! ಆ ಹಾಡಿಗೆ ತಕ್ಕಂತೆ ಇದನ್ನೊಂಚೂರು ಸರಿ ಮಾಡ್ಬಿಡ್ತೀನಿ, ತಾಳು."

ಮಗಳು ದಿನಾ ಅಭ್ಯಾಸಕ್ಕೆ ಕರೆದಳು. ದಿನಾ ಗಿಟಾರು ಮೇಜಿನ ಮೇಲೆ ಹೊಟ್ಟೆ ಬಿಚ್ಚಿಕೊಂಡು ಮಲಗಿರುತ್ತಿತ್ತು. "ಇನ್ನೇನು, ನಾಳೆ," ಎನ್ನುತ್ತಿದ್ದ ಅಪ್ಪ, ತಲೆ ಎತ್ತದೆ. ಪಾಪ, ಹುಡುಗಿ ಅದರ ಪಕ್ಕದಲ್ಲೇ ನಿಂತು ತನ್ನ ಪಾಡಿಗೆ ಹಾಡಿಕೊಂಡಳು.

ಆ ದಿನ ಬಂತು. ಗಿಟಾರಿನಲ್ಲಿ ಹುಡುಕಿದರೂ ಒಂದು ಕುಂದಿರಲಿಲ್ಲ. ಹಾಡಿನ ಮೊದಲ ಸಾಲಿಗೆ ಸಭೆ ತಲೆದೂಗಿತು, ಅವನ ಎದೆ ಉಬ್ಬಿತು. ಎರಡನೆಯ ಸಾಲಿಗೆ ಬೆರಳ ತುದಿಗಳು ಉರಿಯತೊಡಗಿದವು. ನುಡಿಸುವವರ ಬೆರಳು ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿರುತ್ತದೆ. ಇವನ ಜಡ್ಡೆಲ್ಲ ಸ್ಕ್ರೂಡ್ರೈವರ್ ಹಿಡಿಯುವ ಅಂಗೈಯಲ್ಲಿತ್ತು. ಪಲ್ಲವಿ ಮುಗಿಯುವಷ್ಟರಲ್ಲಿ ಕೈ ಸೋತೇಹೋಯಿತು. ಆಗ ಈ ಪುಣ್ಯಾತ್ಮ ಮಾಡಿದ್ದೇನು? ಕತ್ತು ಬಗ್ಗಿಸಿ, ದೋಷವೆಲ್ಲ ವಾದ್ಯದ್ದೇ ಎಂಬಂತೆ, ತಂತಿಯ ಬಿರಡೆ ತಿರುಗಿಸುತ್ತ ನಿಂತುಬಿಟ್ಟ.

ಮಗಳು ಒಮ್ಮೆ ಅವನತ್ತ ನೋಡಿದಳು. ಮತ್ತೆ ನೋಡಲಿಲ್ಲ. ಚರಣವನ್ನು ಶ್ರುತಿ ಬಿಡದೆ ಹಾಡಿ ಮುಗಿಸಿದಳು. ಚಪ್ಪಾಳೆ ಜೋರಾಗಿಯೇ ಬಿತ್ತು. ಅವನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

ಮನೆಗೆ ನಡೆಯುವಾಗ ಗಂಟಲು ಸರಿಮಾಡಿಕೊಂಡ. "ಅದು, ಆ ಕೆಳಗಿನ ತಂತಿ ಇನ್ನೊಂಚೂರು..."

"ಗಿಟಾರ್ ಚೆನ್ನಾಗೇ ಇತ್ತಪ್ಪ," ಅಂದಳು ಮಗಳು. ದನಿಯಲ್ಲಿ ಸಿಟ್ಟಿರಲಿಲ್ಲ. "ನೀನೇನೂ ಬೇಜಾರು ಮಾಡ್ಕೋಬೇಡ. ನೀನು ಅದನ್ನ ಸರಿ ಮಾಡ್ತಿದ್ದಾಗೆಲ್ಲ ನಾನು ಒಬ್ಬಳೇ ತಾನೇ ಹಾಡ್ಕೋತಿದ್ದೆ. ಅಭ್ಯಾಸ ಆಗ್ಬಿಟ್ಟಿದೆ."